ನಾಯಿಯ ವಯಸ್ಸು, ವರನ ವಯಸ್ಸು

ಹರಿಹರಕ್ಕೆ ವರನ ಮನೆ ನೋಡಲು ಹೋಗಿದ್ದ ಅಪ್ಪ ಸಂಜೆ ಮನೆಗೆ ಬಂದು, ಕಾಲು ತೊಳೆಯುವ ಮೊದಲೇ ಮಾತು ತೆಗೆದದ್ದು ವರನ ಬಗ್ಗೆ ಅಲ್ಲ, ಆ ಮನೆಯ ನಾಯಿಯ ಬಗ್ಗೆ.

"ಆ ನಾಯಿಗೆ ಹದಿನಾಲ್ಕು ವರ್ಷಕ್ಕೆ ಕಡಿಮೆ ಇಲ್ಲ," ಅಂದ. "ಇದರಾಗ ಏನೋ ಐತೆ."

ಅವ್ವ ನೀರಿನ ತಂಬಿಗೆ ಹಿಡಿದು ನಿಂತೇ ಇದ್ದಳು. "ನಾಯಿ ಇರ್ಲಿ. ಹುಡುಗ ಹೆಂಗಿದಾನ್ರಿ?"

"ಹುಡುಗ ಚಲೋ ಇದಾನೆ. ಅದಕ್ಕೇ ಅನುಮಾನ."

ಇದು ಅರವತ್ತರ ದಶಕದ ನಡುವಿನ ಮಾತು. ನಾವಿದ್ದದ್ದು ದಾವಣಗೆರೆಯ ಆನೆಕೊಂಡದಲ್ಲಿ. ಅಪ್ಪನಿಗೆ ಹತ್ತಿ ವ್ಯಾಪಾರದ ಅಂಗಡಿಯೊಂದರಲ್ಲಿ ಕೆಲಸ. ರೈತರು ಗಾಡಿಯಲ್ಲಿ ಹೇರಿಕೊಂಡು ಬರುವ ದೊಡ್ಡ ದೊಡ್ಡ ಚೀಲಗಳಲ್ಲಿ ಮೇಲೆ ಒಣಗಿದ ಹತ್ತಿ ಇರುತ್ತಿತ್ತು. ತೂಕ ಬರಲಿ ಎಂದು ಕೆಲವರು ಒಳಗಿನದಕ್ಕೆ ನೀರು ಚಿಮುಕಿಸಿರುತ್ತಿದ್ದರು. ಅಪ್ಪ ತೋಳನ್ನು ಭುಜದವರೆಗೆ ಚೀಲದೊಳಗೆ ಇಳಿಸಿ, ತಳದಿಂದ ಒಂದು ಹಿಡಿ ಕಿತ್ತು, ಕೆನ್ನೆಗೆ ಒತ್ತಿ ನೋಡುತ್ತಿದ್ದ. ಒದ್ದೆ ಇದ್ದರೆ ಕೆನ್ನೆಗೆ ತಿಳಿಯುತ್ತದೆ, ಕೈಗೆ ತಿಳಿಯುವುದಿಲ್ಲ ಅನ್ನುತ್ತಿದ್ದ. ಮನೆಗೆ ಬಂದರೂ ಆ ಬುದ್ಧಿ ಬಿಡುತ್ತಿರಲಿಲ್ಲ. ಬೆಲ್ಲ ತಂದರೆ ಒಡೆದು ನೋಡಬೇಕು. ಬಂಧುಗಳು ಕಾರಣವಿಲ್ಲದೆ ಬಂದರೆ, ಅವರು ಹೋಗುವವರೆಗೂ ಆ ಕಾರಣ ಹುಡುಕುತ್ತಿರಬೇಕು.

ನನ್ನ ಮದುವೆ ತಡವಾದದ್ದೂ ಇದೇ ಬುದ್ಧಿಯಿಂದ. ಮೊದಲು ಬಂದ ಹುಡುಗನ ಕೈ ಕಾಫಿ ಲೋಟ ತೆಗೆದುಕೊಳ್ಳುವಾಗ ನಡುಗಿತು. ಕುಡಿತದ ಚಟ ಇರಬೇಕು ಎಂದು ಅಪ್ಪ ಬೇಡ ಅಂದ. ಇನ್ನೊಬ್ಬರ ಮನೆಗೆ ಹೋದರೆ, ಹಬ್ಬ ಹುಣ್ಣಿಮೆ ಏನೂ ಇಲ್ಲದ ಕಾಲದಲ್ಲಿ ಗೋಡೆಗೆ ಹೊಸ ಸುಣ್ಣ. ಏನು ಮುಚ್ಚುತ್ತಿದ್ದಾರೋ ಎಂದು ಅದನ್ನೂ ಬಿಟ್ಟ. ಮತ್ತೊಬ್ಬನ ಬಗ್ಗೆ ಓಣಿಯಲ್ಲಿ ಕೇಳಿದವರೆಲ್ಲ ಒಳ್ಳೆಯ ಮಾತೇ ಹೇಳಿದರು. "ಎಲ್ಲರೂ ಒಂದೇ ಮಾತು ಹೇಳ್ತಾರಂದ್ರೆ ಯಾರೋ ಹೇಳಿಕೊಟ್ಟಿರಬೇಕು," ಎಂದು ಅವನನ್ನೂ ಕೈಬಿಟ್ಟ. ಹೀಗೆ ನನಗೆ ಇಪ್ಪತ್ಮೂರು ತುಂಬಿತು. ನಮ್ಮ ಕಡೆ ಆ ಕಾಲಕ್ಕೆ ಅದು ಮುಚ್ಚಿಡಬೇಕಾದ ವಯಸ್ಸು. ಅಪ್ಪ ಎಲ್ಲರಿಗೂ ಇಪ್ಪತ್ತು ಅಂತಲೇ ಹೇಳುತ್ತಿದ್ದ. ನನ್ನ ಜಾತಕ ಬರೆಸಿರಲಿಲ್ಲ, ಹೆಸರಬಲ ನೋಡಿ ಮದುವೆ ಮಾಡುವ ಮನೆತನ. ಹಾಗಾಗಿ ಹುಟ್ಟಿದ ವರ್ಷ ಕೇಳುವವರೂ ಇರಲಿಲ್ಲ. ನಾನು ಮನೆಯಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತು ಓಣಿಯ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದೆ. ನನಗಿಂತ ಚಿಕ್ಕವರು ತಮ್ಮ ಮಕ್ಕಳಿಗೆ ಅಂಗಿ ಹೊಲಿಸಲು ಬರುತ್ತಿದ್ದರು.

ಹರಿಹರದ ಸಂಬಂಧ ತಂದವರು ಕೊಕ್ಕನೂರಿನ ರೈತರೊಬ್ಬರು. ಅವರ ಹತ್ತಿ ಯಾವಾಗಲೂ ತಳದವರೆಗೆ ಒಣಗಿರುತ್ತಿತ್ತಂತೆ. ಅಪ್ಪ ನಂಬುತ್ತಿದ್ದ ಕೆಲವೇ ಜನರಲ್ಲಿ ಅವರೂ ಒಬ್ಬರು. ಅವರ ಅಕ್ಕನ ಮಗ ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ತಂದೆ ಇಲ್ಲ, ತಾಯಿ ಇದ್ದಾರೆ, ವಯಸ್ಸು ಇಪ್ಪತ್ತೇಳು. ಇಷ್ಟು ಕೇಳಿ ಅಪ್ಪ ಒಬ್ಬನೇ ಹೋಗಿ ಬಂದಿದ್ದ.

ಊಟಕ್ಕೆ ಕೂತಾಗ ಪೂರ್ತಿ ವಿಷಯ ಹೊರಗೆ ಬಂತು. ಆ ಮನೆಯ ಅಂಗಳದಲ್ಲಿ ಕರುವಿನಷ್ಟು ಎತ್ತರದ ಬೂದು ಬಣ್ಣದ ನಾಯಿ ಮಲಗಿತ್ತಂತೆ. ಮೂತಿ ಪೂರಾ ಬೆಳ್ಳಗೆ, ಕಣ್ಣಲ್ಲಿ ಪೊರೆ. ಏಳುವಾಗ ಹಿಂಗಾಲು ನಡುಗುತ್ತಿದ್ದವಂತೆ. ಇದು ಎಷ್ಟು ವರ್ಷದ್ದು ಎಂದು ಅಪ್ಪ ಕೇಳಿದ್ದಕ್ಕೆ ಹುಡುಗನ ತಾಯಿ, "ಇವ ಕಾರ್ಖಾನೆಗೆ ಸೇರಿದ ವರ್ಷ ತಂದ ಮರಿ," ಎಂದರಂತೆ.

"ನಮ್ಮಪ್ಪನ ಕಾಲದಾಗ ನಮ್ಮನೇಲಿ ನಾಯಿ ಇತ್ತಲ್ಲ," ಅಪ್ಪ ಅಂದ, "ಅದರ ಮೂತಿ ಬೆಳ್ಳಗಾಗೋ ಹೊತ್ತಿಗೆ ಹದಿನಾಲ್ಕು ವರ್ಷ ಆಗಿತ್ತು. ನಾನೇ ಕಣ್ಣಾರೆ ನೋಡೀನಿ. ಕಾರ್ಖಾನ್ಯಾಗ ಹದಿನೆಂಟು ತುಂಬದೋರನ್ನ ತಗಳಲ್ಲ. ಹದಿನೆಂಟು, ಹದಿನಾಲ್ಕು, ಎಷ್ಟಾಯ್ತು?"

"ಮೂವತ್ತೆರಡು," ಅಂದೆ. ನನ್ನ ಬಾಯಿಂದಲೇ ಬಂದುಬಿಟ್ಟಿತು.

"ಮೂವತ್ತೆರಡು ವರ್ಷದ ಗಂಡಸು, ಕೈಯಾಗ ಕೆಲಸ ಇರೋನು, ಇನ್ನೂ ಮದುವೆ ಇಲ್ದ ಇರ್ತಾನಾ? ಮೊದಲನೇ ಹೆಂಡ್ತಿ ಇದ್ದಿರಬೇಕು. ಸತ್ತಿರಬೇಕು, ಇಲ್ಲಾ ಬಿಟ್ಟು ಹೋಗಿರಬೇಕು."

ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ನಾಯಿಗೆ ಒಂದು ವರ್ಷ ಅಂದ್ರೆ ಮನುಷ್ಯರಿಗೆ ಏಳು ಅಂತಾರಲ್ರಿ. ಅವು ಲಗೂನ ಮುದಿ ಆಗ್ತಾವೆ."

"ಅದೆಲ್ಲ ಸುಳ್ಳು ಲೆಕ್ಕ. ವರ್ಷ ತುಂಬಿದ ನಾಯಿ ಮರಿ ಹಾಕ್ತೈತೆ. ಏಳು ವರ್ಷದ ಕೂಸಿಗೆ ಹಾಲುಹಲ್ಲೇ ಪೂರಾ ಬಿದ್ದಿರಾಂಗಿಲ್ಲ."

ಅವ್ವ ಮತ್ತೆ ರೊಟ್ಟಿ ತಟ್ಟತೊಡಗಿದಳು. ಮರುದಿನ ಮೆಷಿನ್ ಮುಂದೆ ಕೂತಾಗ ಆ ಕಾಣದ ಹೆಂಗಸೇ ಕಣ್ಣ ಮುಂದೆ ಬರತೊಡಗಿದಳು. ಅವಳು ಯಾವ ಊರಿನವಳು, ಏನಾಗಿ ಸತ್ತಳು, ಅವಳ ಸೀರೆಗಳನ್ನು ಯಾವ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಎಂದೆಲ್ಲ ಯೋಚಿಸಿದೆ. ಮೊದಲೆಲ್ಲ ಅಪ್ಪನ ಅನುಮಾನ ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಈ ಸಲ ಅದು ನನಗೂ ಅಂಟಿಕೊಂಡಿತು.

ನಾಯಿಯ ವಯಸ್ಸು ಹೇಗೆ ತಿಳಿಯುವುದು ಎಂದು ದನದ ಆಸ್ಪತ್ರೆಯ ಡಾಕ್ಟರನ್ನು ಕೇಳಬೇಕೆಂದು ಅಪ್ಪ ತೀರ್ಮಾನಿಸಿದ. ಆದರೆ ಯಾಕೆ ಕೇಳುತ್ತಿದ್ದೇವೆ ಎಂದು ಅವರಿಗೆ ಗೊತ್ತಾಗಬಾರದು. ಅದಕ್ಕೆ ನಮ್ಮ ಮೇಕೆಯನ್ನು ಹಿಡಿದುಕೊಂಡು ಹೋದೆವು. ಹಗ್ಗ ನನ್ನ ಕೈಯಲ್ಲಿತ್ತು. ಡಾಕ್ಟರು ಮೇಕೆಯ ಕಣ್ಣು, ಬಾಯಿ, ಹೊಟ್ಟೆ ಎಲ್ಲ ನೋಡಿ, "ಇದಕ್ಕೇನಾಗೈತ್ರಿ? ಕಲ್ಲು ಇದ್ದಂಗೈತೆ," ಅಂದರು.

"ಏನೋ ಸ್ವಲ್ಪ ಮಂಕಾಗಿತ್ತು," ಎಂದ ಅಪ್ಪ. ಅಷ್ಟರಲ್ಲಿ ಮೇಕೆ ಡಾಕ್ಟರ ಮೇಜಿನ ಮೇಲಿದ್ದ ಹೂವಿಗೆ ಬಾಯಿ ಹಾಕಿತು. ಅಪ್ಪ ಅದನ್ನು ಕಾಣದವನಂತೆ ಕೇಳಿದ: "ಅಂದಂಗೆ, ಈ ನಾಯಿಗಳ ವಯಸ್ಸು ಹೆಂಗೆ ಗೊತ್ತಾಗ್ತದ್ರಿ?"

ಡಾಕ್ಟರು ಬೇಸರಪಡದೆ ವಿವರಿಸಿದರು. ಮರಿಯ ವಯಸ್ಸನ್ನು ಹಲ್ಲು ಹುಟ್ಟುವುದನ್ನು ನೋಡಿ ಹೇಳಬಹುದು. ಆಮೇಲೆ ಹಲ್ಲಿನ ಸವೆತ, ಕಣ್ಣು, ಕೂದಲು ನೋಡಿ ಅಂದಾಜು ಮಾಡಬೇಕು. ಒಂದಕ್ಕೆ ಏಳು ಅನ್ನುವ ಲೆಕ್ಕ ಸರಿಯಲ್ಲ. ಮೊದಲನೇ ವರ್ಷದಲ್ಲೇ ನಾಯಿ ಹದಿನೈದು ವರ್ಷದ ಮನುಷ್ಯರಷ್ಟು ಬೆಳೆದುಬಿಡುತ್ತದೆ, ಎರಡು ತುಂಬಿದಾಗ ಇಪ್ಪತ್ನಾಲ್ಕರ ಹತ್ತಿರ ಬರುತ್ತದೆ. ಅಲ್ಲಿಂದ ಮುಂದೆ ಸ್ವಲ್ಪ ನಿಧಾನ, ವರ್ಷಕ್ಕೆ ನಾಲ್ಕೋ ಐದೋ. ಅಪ್ಪ ಎಲ್ಲದಕ್ಕೂ ತಲೆ ಆಡಿಸುತ್ತಿದ್ದ. ಕೊನೆಗೆ ಡಾಕ್ಟರು ಅಂದರು: "ಆದ್ರೆ ಇದು ಸಣ್ಣ ನಾಯಿಗಳ ಮಾತು. ದೊಡ್ಡ ಜಾತಿವು ಬೇಗ ಮುದಿ ಆಗ್ತಾವೆ. ಬೀದಿ ನಾಯಿ ಹದಿನಾಲ್ಕಕ್ಕೆ ಕಾಣೋ ಹಂಗೆ ಅವು ಎಂಟು ಒಂಬತ್ತಕ್ಕೇ ಕಾಣ್ತಾವೆ."

ಹೊರಗೆ ಬಂದವನೇ ಅಪ್ಪ ಅಂದ: "ಕೇಳಿದೇನವ್ವ? ದೊಡ್ಡದು ಬೇಗ ಮುದಿ ಆಗ್ತದಂತೆ! ಆನೆ ಎಷ್ಟು ವರ್ಷ ಬದುಕ್ತೈತೆ, ಇಲಿ ಎಷ್ಟು ವರ್ಷ ಬದುಕ್ತೈತೆ? ಈ ಡಾಕ್ಟರೂ ಹರಿಹರದ ಕಡೆಯೋರೇ ಇರಬೇಕು. ಹುಡುಗನ ಮನೆಯೋರು ಮೊದಲೇ ಬಂದು ಹೇಳಿ ಹೋಗ್ಯಾರೆ."

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಆನೆ ಇಲಿಯ ಮಾತು ನನಗೂ ಸರಿ ಅನ್ನಿಸಿತ್ತು.

ಮುಂದಿನ ವಾರ ಹೇಳದೆ ಕೇಳದೆ ಮೂವರೂ ಬೆಳಗಿನ ರೈಲಿಗೆ ಹರಿಹರಕ್ಕೆ ಹೋದೆವು. ಗುಡಿಗೆ ಬಂದಿದ್ದೆವು, ಹಾಗೇ ಈ ಕಡೆ ಬಂದೆವು ಎಂದು ಹೇಳುವುದಾಗಿ ರೈಲಿನಲ್ಲೇ ಮಾತಾಗಿತ್ತು. ಹುಡುಗನಿಗೆ ಅವತ್ತು ರಜೆ ಎಂದು ಅಪ್ಪ ಮೊದಲೇ ವಿಚಾರಿಸಿಕೊಂಡಿದ್ದ. ಆದರೆ ಹುಡುಗ ಹೊಳೆ ಕಡೆ ಹೋಗಿದ್ದ. ಅವನ ತಾಯಿ, "ಬರ್ರಿ, ಕೂಡ್ರಿ," ಎಂದು ಚಾಪೆ ಹಾಸಿ, ಗುಡಿಗೆ ಹೋಗಿ ಬಂದೆವೆಂದ ಅಪ್ಪನ ಹಣೆಯಲ್ಲಿ ಕುಂಕುಮ ಇಲ್ಲದಿರುವುದನ್ನು ಒಂದು ಗಳಿಗೆ ನೋಡಿದರು. ಏನೂ ಕೇಳದೆ ಒಳಗೆ ಚಹಾ ಮಾಡಲು ಹೋದರು.

ನಾನು ಕೂತಲ್ಲಿಂದಲೇ ಆ ಮೊದಲ ಹೆಂಡತಿಯ ಸುಳಿವು ಹುಡುಕಿದೆ. ಹಗ್ಗದ ಮೇಲೆ ಒಣಗಿದ್ದ ಸೀರೆ ವಯಸ್ಸಾದವರು ಉಡುವಂಥದ್ದು. ಗೂಡಿನಲ್ಲಿ ಒಂದೇ ಬಾಚಣಿಗೆ. ಗೋಡೆಯ ಮೇಲೆ ಮಾತ್ರ ಒಂದು ಕಡೆ ಚೌಕಾಕಾರದ ಗುರುತು. ಅಲ್ಲಿದ್ದ ಫೋಟೋ ತೆಗೆದಿದ್ದಾರೆ, ಮೊಳೆ ಹಾಗೇ ಇದೆ. ಅವ್ವನ ಮೊಣಕೈ ಮುಟ್ಟಿ ತೋರಿಸಿದೆ. ಅವ್ವನ ಮುಖದ ಬಣ್ಣ ಇಳಿಯಿತು.

ಅಷ್ಟರಲ್ಲಿ ಅಪ್ಪ ಅಂಗಳಕ್ಕೆ ಇಳಿದಿದ್ದ. ಬೇವಿನ ಮರದ ಕೆಳಗೆ ಮಲಗಿದ್ದ ನಾಯಿ ಅವನನ್ನು ನೋಡಿ ಬಾಲವನ್ನಷ್ಟೇ ನೆಲಕ್ಕೆ ಬಡಿಯಿತು. ಅಪ್ಪ ಜೇಬಿನಿಂದ ಒಣ ರೊಟ್ಟಿಯ ಚೂರು ತೆಗೆದ. ಮನೆಯಿಂದಲೇ ತಂದಿದ್ದನೆಂದು ಆಗ ನಮಗೆ ಗೊತ್ತಾಯಿತು. ನಾಯಿ ಅದನ್ನು ಬಾಯಿಗೆ ತೆಗೆದುಕೊಳ್ಳುವಾಗ ಅಪ್ಪ ಕುಕ್ಕರಗಾಲಲ್ಲಿ ಕೂತು, ಅದರ ತುಟಿ ಎತ್ತಿ, ಹತ್ತಿಯ ಚೀಲಕ್ಕೆ ಕೈ ಇಳಿಸುವ ಹಾಗೆ ಬಾಯೊಳಗೆ ಬೆರಳು ಹಾಕಿದ. ಆ ದೊಡ್ಡ ಪ್ರಾಣಿ ಸುಮ್ಮನೆ ಬಾಯಿ ತೆರೆದುಕೊಂಡೇ ಇತ್ತು.

"ಅಣ್ಣಾರೆ, ನಮ್ಮ ನಾಯಿ ಬಾಯಾಗ ಏನು ಹುಡುಕ್ತೀರಿ?"

ಹುಡುಗನ ತಾಯಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಅಪ್ಪ ಎದ್ದು ಪಂಚೆಗೆ ಕೈ ಒರೆಸಿಕೊಂಡ. ಸುತ್ತಿ ಬಳಸಿ ಮಾತಾಡುವುದು ಅವನಿಗೆ ಬರುತ್ತಿರಲಿಲ್ಲ. "ಅಕ್ಕಾರೆ, ಈ ನಾಯಿ ಹದಿನಾಲ್ಕು ವರ್ಷದ್ದು. ನಿಮ್ಮ ಮಗನಿಗೆ ಇಪ್ಪತ್ತೇಳು ಅಂತೀರಿ. ಲೆಕ್ಕ ಕೂಡಲ್ಲ."

ಆಕೆ ತಟ್ಟೆಯನ್ನು ಕಟ್ಟೆಯ ಮೇಲೆ ಇಟ್ಟರು. ದನಿ ಏರಿಸಲಿಲ್ಲ. "ನಾಯಿಗೆ ಒಂಬತ್ತು. ಪರದೇಶದ ಇಂಜಿನಿಯರೊಬ್ಬರ ಬಂಗಲೆ ನಾಯಿ ಹಾಕಿದ ಮರಿ ಅದು. ನನ್ನ ಮಗನಿಗೆ ಇಪ್ಪತ್ತೇಳೇ. ಈಗ ನಾನೊಂದು ಕೇಳ್ತೀನಿ. ನಮ್ಮ ಓಣಿಗೆ ಬರೋ ಬಳೆಗಾರ್ತಿ ನಿಮ್ಮ ಆನೆಕೊಂಡಕ್ಕೂ ಹೋಗ್ತಾಳೆ. ಹುಡುಗಿ ಜತೆ ಆಡಿದೋರ ಮಕ್ಕಳು ಆಗಲೇ ಸಾಲಿಗೆ ಹೋಗ್ತಾವಂತೆ. ಖರೇನ ಇಪ್ಪತ್ತಾ?"

"ಇಪ್ಪತ್ತೇ," ಅಂದ ಅಪ್ಪ.

ಆಕೆ ನನ್ನನ್ನು ನೋಡಿದರು. ನಾನು ಚಾಪೆಯ ಅಂಚಿನ ನಾರನ್ನು ನೋಡುತ್ತಿದ್ದೆ.

"ಆಯ್ತು. ಚಹಾ ಕುಡೀರಿ. ಆರ್ತದೆ," ಎಂದು ಒಳಗೆ ಹೋದರು. ನಾವು ಕುಡಿಯಲಿಲ್ಲ.

ವಾಪಸ್ ಬರುವಾಗ ರೈಲಿನಲ್ಲಿ ಅವ್ವ ಮೊದಲ ಬಾರಿಗೆ ಅಪ್ಪನ ಮೇಲೆ ಕೂಗಾಡಿದಳು. "ಮಂದಿ ನಾಯಿ ಹಲ್ಲು ಎಣಿಸಾಕೆ ಹೋದ್ರಲ್ಲ, ನಿಮ್ಮ ನಾಲಿಗೆ ಮ್ಯಾಲೆ ಏನೈತೆ ನೋಡ್ಕೊಂಡ್ರಾ?" ಎದುರಿಗೆ ಕೂತಿದ್ದವರು ಮುಖ ತಿರುಗಿಸಿದರು. ಅಪ್ಪ ಕಿಟಕಿಯ ಹೊರಗೆ ನೋಡುತ್ತಾ, "ಆ ಫೋಟೋ ಯಾಕ ತೆಗೆದಿದ್ರು, ಅದನ್ನ ಹೇಳು," ಎಂದಷ್ಟೇ ಅಂದ.

ಸಂಬಂಧ ಮುರಿಯಿತು ಎಂದುಕೊಂಡೆವು. ಕೊಕ್ಕನೂರಿನವರು ಹತ್ತಿ ತಂದರೂ ಆ ಮಾತು ಎತ್ತಲಿಲ್ಲವಂತೆ.

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ನಮ್ಮ ಓಣಿಯ ಬಾಯಲ್ಲಿ ಒಂದು ಲಾರಿ ನಿಂತಿತು. ಇಳಿದು ಬಂದವನು ಆ ಹುಡುಗ. ಅವನನ್ನು ನಾನು ನೋಡಿರಲಿಲ್ಲ, ಆದರೂ ಲಾರಿಯ ಹಿಂದೆ ಗೋಣಿಚೀಲದ ಮೇಲೆ ಮಲಗಿದ್ದ ಬೂದು ನಾಯಿಯನ್ನು ನೋಡಿ ಗುರುತು ಸಿಕ್ಕಿತು. ನಾಯಿ ತಿನ್ನುವುದು ಬಿಟ್ಟಿದೆ, ದಾವಣಗೆರೆಯ ದನದ ಆಸ್ಪತ್ರೆ ಎಲ್ಲಿದೆ ಎಂದು ಕೇಳಲು ಬಂದಿದ್ದ. ದಾರಿಯಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಅದನ್ನು ನಾನು ಆಗಲೇ ಯೋಚಿಸಿದೆ.

ಅಪ್ಪ ಅಂಗಿ ಹಾಕಿಕೊಳ್ಳಲು ಒಳಗೆ ಹೋದ. ನಾನು ಬೋಗುಣಿಯಲ್ಲಿ ನೀರು ತೆಗೆದುಕೊಂಡು ಹೋಗಿ ನಾಯಿಯ ಮುಂದೆ ಇಟ್ಟೆ. ಅದು ತಲೆ ಎತ್ತಲಾರದೆ ಪಕ್ಕದಿಂದಲೇ ನೆಕ್ಕಿತು. ಹುಡುಗ ಅದರ ಕತ್ತಿನ ಕೆಳಗೆ ಕೈ ಕೊಟ್ಟು ಹಿಡಿದಿದ್ದ. ನಾನು ಅವನ ಕಿವಿಯ ಹಿಂದೆ ಬಿಳಿ ಕೂದಲು ಇದೆಯೇ ಎಂದು ನೋಡುತ್ತಿದ್ದೆ. ಒಂದೆರಡು ಇದ್ದವು.

"ಗೋಡೆ ಮೇಲೆ ಯಾರ ಫೋಟೋ ಇತ್ತು?" ಅಂದೆ. ಕೇಳಬೇಕೆಂದು ಕೇಳಿದ್ದಲ್ಲ, ಬಾಯಿ ಜಾರಿತು.

ಅವನು ಬೆಚ್ಚಿ ನೋಡಿದ. "ಅಪ್ಪಂದು. ಚೌಕಟ್ಟಿಗೆ ಗೆದ್ದಲು ಹಿಡಿದಿತ್ತು, ಬೇರೆ ಕಟ್ಟು ಹಾಕ್ಸಾಕೆ ಕೊಟ್ಟಿದ್ವಿ. ಯಾಕ?"

"ನನಗೆ ಇಪ್ಪತ್ಮೂರು."

ಅವನು ಬೋಗುಣಿಯನ್ನು ನಾಯಿಯ ಬಾಯಿಗೆ ಇನ್ನಷ್ಟು ಹತ್ತಿರ ಸರಿಸಿದ. ಆಮೇಲೆ, "ನನಗೆ ಇಪ್ಪತ್ತೇಳು. ಇದಕ್ಕೆ ಒಂಬತ್ತು. ಇಬ್ಬರಿಗೂ ಸಾಕ್ಷಿ ಅಂದ್ರೆ ನಮ್ಮವ್ವ ಒಬ್ಬಾಕೆ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು," ಅಂದ.

ನಂಬಿದೆ ಎಂದು ಹೇಳಲಾರೆ. ಆದರೆ ಇನ್ನೇನೂ ಕೇಳಬೇಕು ಅನ್ನಿಸಲಿಲ್ಲ.

ಅಪ್ಪ ಅವರ ಜೊತೆ ಲಾರಿಯಲ್ಲೇ ಆಸ್ಪತ್ರೆಗೆ ಹೋದ. ಅಲ್ಲಿ ನಡೆದದ್ದನ್ನು ಅವನೇ ಆಮೇಲೆ ಹೇಳಿದ. ಡಾಕ್ಟರು ನಾಯಿಯನ್ನು ಪೂರ್ತಿ ನೋಡಿ, ರೋಗ ಏನೂ ಇಲ್ಲ, ಇದು ಮುಪ್ಪು, ಈ ಗಾತ್ರದ ನಾಯಿಗೆ ಒಂಬತ್ತು ಅಂದರೆ ಮನುಷ್ಯರ ಲೆಕ್ಕದಲ್ಲಿ ಎಪ್ಪತ್ತು ದಾಟಿದ ಹಾಗೆ ಎಂದರಂತೆ. ಅಪ್ಪ ಬಿಡಲಿಲ್ಲ.

"ಒಂಬತ್ತೇ ಅಂತ ಖಾತ್ರಿ ಹೇಳ್ತೀರಾ? ಹದಿನಾಲ್ಕು ಇರಬಾರದಾ?"

"ಒಂಬತ್ತು ಇರಬಹುದು, ಹತ್ತು ಇರಬಹುದು. ಈ ಜಾತಿ ನಾಯಿ ಹದಿನಾಲ್ಕರವರೆಗೆ ಬದುಕಿದ್ದು ನಾನಂತೂ ನೋಡಿಲ್ಲ," ಎಂದ ಡಾಕ್ಟರು, ಅಪ್ಪನ ಮುಖವನ್ನೊಮ್ಮೆ ನೋಡಿ, "ನಿಮ್ಮ ಮೇಕೆ ಹೆಂಗೈತ್ರಿ?" ಎಂದು ಕೇಳಿದರಂತೆ.

ಮೆತ್ತಗಿನ ಅಂಬಲಿ ಕೊಡಿ, ಬಿಸಿಲಲ್ಲಿ ಮಲಗಿಸಿ ಎಂದು ಹೇಳಿ ಕಳಿಸಿದರು. ಲಾರಿ ವಾಪಸ್ ಬಂದಾಗ ಅಪ್ಪ ಹುಡುಗನಿಗೆ ಊಟ ಮಾಡಿಕೊಂಡು ಹೋಗುವಂತೆ ಹೇಳಿದ. ಹುಡುಗ ಊಟದ ನಡುನಡುವೆ ಎದ್ದು ಹೋಗಿ ನಾಯಿಯ ಮೇಲೆ ಬಿಸಿಲು ಇದೆಯೋ ಇಲ್ಲವೋ ನೋಡಿಕೊಂಡು ಬರುತ್ತಿದ್ದ. ಅಪ್ಪ ಅದನ್ನು ಗಮನಿಸುತ್ತಿದ್ದುದನ್ನು ನಾನು ಅಡುಗೆಮನೆಯ ಬಾಗಿಲಿನಿಂದ ಗಮನಿಸುತ್ತಿದ್ದೆ.

ಮರುದಿನ ಅಪ್ಪ ಅಂಗಡಿಗೆ ರಜೆ ಹಾಕಿ ಅವ್ವನ ಜೊತೆ ಹರಿಹರಕ್ಕೆ ಹೋದ. ಅಂಗಳದಲ್ಲಿ ನಿಂತೇ ಹುಡುಗನ ತಾಯಿಗೆ ಹೇಳಿದನಂತೆ, "ನಮ್ಮ ಹುಡುಗಿಗೆ ಇಪ್ಪತ್ಮೂರು. ತಪ್ಪು ಹುಡುಗೀದಲ್ಲ."

"ಅಷ್ಟು ನನಗೂ ಗೊತ್ತಿತ್ತು," ಎಂದರಂತೆ ಆಕೆ. "ನಿಮ್ಮ ಬಾಯಿಂದ ಬರ್ತದಾ ಇಲ್ಲಾ ಅಂತ ಕಾಯ್ತಿದ್ದೆ. ಒಳಗ ಬರ್ರಿ."

ಮಾಘ ಮಾಸದಲ್ಲಿ ಮದುವೆ ಆಯಿತು.

ಹರಿಹರದ ಮನೆಗೆ ಹೋದ ಮೊದಲ ತಿಂಗಳು ಸುಲಭವಾಗಿರಲಿಲ್ಲ. ಸುಳ್ಳು ಹೇಳಿದ ಮನೆಯಿಂದ ಬಂದವಳು ಎಂಬುದು ಅತ್ತೆಯ ಮನಸ್ಸಿನಿಂದ ಹೋಗಿರಲಿಲ್ಲ. ನಾನು ಹಾಲು ಕಾಯಿಸಿದರೆ ಪಾತ್ರೆಯೊಳಗೆ ಇಣುಕುತ್ತಿದ್ದರು. ಬಾವಿಕಟ್ಟೆಯಲ್ಲಿ ಪಕ್ಕದ ಮನೆಯವರ ಜೊತೆ ಮಾತಾಡಿ ಬಂದರೆ, "ಏನು ಹೇಳ್ತಿದ್ಲು?" ಎಂದು ಕೇಳಿ, ಸಂಜೆ ಪಕ್ಕದ ಮನೆಯವರ ಹತ್ತಿರವೂ ಅದನ್ನೇ ಕೇಳುತ್ತಿದ್ದರು. ನಾನೂ ಕಡಿಮೆ ಇರಲಿಲ್ಲ. ಅತ್ತೆ ಹೊರಗೆ ಹೋದಾಗ ಅಟ್ಟದ ಪೆಟ್ಟಿಗೆ ಇಳಿಸಿ ನೋಡಿದೆ. ಹಳೆಯ ಕಂಬಳಿ, ಮಾವನವರ ರುಮಾಲು ಬಿಟ್ಟರೆ ಏನೂ ಇರಲಿಲ್ಲ. ಯಾವ ಹೆಂಗಸೂ ಆ ಮನೆಯಲ್ಲಿ ನನಗಿಂತ ಮೊದಲು ಸೊಸೆಯಾಗಿ ಬಂದಿರಲಿಲ್ಲ.

ನಾಯಿಯ ಕೆಲಸ ನನ್ನ ಪಾಲಿಗೆ ಬಂತು. ಅತ್ತೆಗೆ ಬಗ್ಗಲು ಆಗುತ್ತಿರಲಿಲ್ಲ, ಗಂಡ ಬೆಳಿಗ್ಗೆಯೇ ಕಾರ್ಖಾನೆಗೆ ಹೋಗುತ್ತಿದ್ದ. ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ, ಕಿವುಚಿ, ಅಂಗೈಯಲ್ಲಿಟ್ಟು ತಿನ್ನಿಸುತ್ತಿದ್ದೆ. ನಾಯಿಯ ವರ್ಷ ಎಂದರೇನು ಎಂಬುದು ನನಗೆ ತಿಳಿದದ್ದು ಆಗ. ಅಂಬಲಿ, ಬಿಸಿಲಿಗೆ ಸ್ವಲ್ಪ ಚೇತರಿಸಿಕೊಂಡಿದ್ದ ಅದು ಯುಗಾದಿಗೆ ತಾನೇ ಎದ್ದು ಬೇವಿನ ಮರದವರೆಗೆ ಹೋಗುತ್ತಿತ್ತು. ಬಸವಜಯಂತಿ ಹೊತ್ತಿಗೆ ಅಂಗಳದ ನಡುವೆ ಒಂದು ಸಲ ಕೂತು ಸುಧಾರಿಸಿಕೊಳ್ಳಬೇಕಾಯಿತು. ಕಾರಹುಣ್ಣಿಮೆಗೆ ಹೊಸ್ತಿಲು ದಾಟಲು ನಾನು ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಎತ್ತಿ ಹಿಡಿಯಬೇಕು. ಅಷ್ಟು ದಿನಗಳಲ್ಲಿ ಮನೆಯ ಮಿಕ್ಕವರು ಇದ್ದ ಹಾಗೇ ಇದ್ದೆವು. ನನ್ನ ಮದುವೆಯ ಬಳೆಗಳು ಕೂಡ ಇನ್ನೂ ಒಡೆದಿರಲಿಲ್ಲ. ನಮ್ಮ ಕಣ್ಣ ಮುಂದೆಯೇ, ನಮ್ಮ ಜೊತೆಯೇ ಉಂಡು ಮಲಗುತ್ತಾ, ಅದು ಒಂದು ವೃದ್ಧಾಪ್ಯವನ್ನು ಪೂರ್ತಿ ಕಳೆದುಬಿಟ್ಟಿತು.

ಹೊಳೆಗೆ ಹೊಸ ನೀರು ಬಂದ ವಾರ, ಬೆಳಿಗ್ಗೆ ನಾನು ಅಂಗಳ ಗುಡಿಸುವಾಗ ಅದು ಸತ್ತಿತ್ತು. ಗಂಡ ಅವತ್ತು ಕೆಲಸಕ್ಕೆ ಹೋಗಲಿಲ್ಲ. ಪಕ್ಕದ ಮನೆಯವರ ಕೈಗಾಡಿಯಲ್ಲಿ ಹಾಕಿಕೊಂಡು ಹೊಳೆದಂಡೆಯ ಎತ್ತರದ ಜಾಗದಲ್ಲಿ ಹೂಳಿ ಬಂದ. ಸ್ನಾನ ಮಾಡಿ ಬಂದು, ಊಟ ಬೇಡ ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಮಧ್ಯಾಹ್ನ ಅತ್ತೆ ಪಡಸಾಲೆಯಲ್ಲಿ ಕೂತಿದ್ದರು. ನಾನು ನೆನೆಸಿಟ್ಟಿದ್ದ ರೊಟ್ಟಿಯನ್ನು ಕಾಗೆಗಳಿಗೆ ಹಾಕಿ, ಬಟ್ಟಲು ತೊಳೆದು ಬಂದೆ. "ಇಲ್ಲಿ ಬಾ," ಎಂದರು. ಏನು ವಿಚಾರಣೆಯೋ ಎಂದು ಹೋದೆ. ಅವರು ನನ್ನನ್ನು ತಮ್ಮ ಮುಂದೆ ಕೂರಿಸಿಕೊಂಡು, ಜಡೆ ಬಿಚ್ಚಿ, ಎಣ್ಣೆ ಹಚ್ಚಿ ಬಾಚತೊಡಗಿದರು. ಏನೂ ಕೇಳಲಿಲ್ಲ. ಬಾಚುವ ಕೈ ಆಗಾಗ ನಿಲ್ಲುತ್ತಿತ್ತು, ಮತ್ತೆ ನಡೆಯುತ್ತಿತ್ತು. ನಾನು ತಿರುಗಿ ನೋಡಲಿಲ್ಲ.